ಹಳದಿ ದೀಪದ ಲೆಕ್ಕ

ನಮ್ಮ ಅತ್ತಿಗೆಯ ಉದ್ಯೋಗ ಏನೆಂದು ನೆಂಟರಿಗೆ ವಿವರಿಸುವ ಹೊಣೆ ಬಹಳ ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಅಣ್ಣ ಆ ಕೆಲಸದಿಂದ ಎಂದೋ ಕೈತೊಳೆದುಕೊಂಡಿದ್ದಾನೆ. ಅವನದು ಕೈಗಡಿಯಾರ ರಿಪೇರಿಯ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿನಷ್ಟು ಗಾತ್ರದ ಚಕ್ರಗಳ ಜೊತೆ ಇಡೀ ದಿನ ಕಳೆಯುವವನು. ಯಾರಾದರೂ ಕೇಳಿದರೆ, "ನಂದು ಕಣ್ಣಿಗೆ ಕಾಣದಷ್ಟು ಸಣ್ಣದು, ಅವಳದು ಕಣ್ಣಿಗೆ ಕಾಣದಷ್ಟು ದೊಡ್ಡದು. ಮಧ್ಯ ಇರೋ ಮನೆ ಮಾತ್ರ ಇಬ್ಬರಿಗೂ ಕಾಣಲ್ಲ" ಎಂದು ಹೇಳಿ ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಾನೆ.

ಅತ್ತಿಗೆ ಮಾಡುವುದು ಇಷ್ಟೇ. ರಾತ್ರಿ ಹೊತ್ತು ನಮ್ಮ ತಲೆಯ ಮೇಲೆ ಹಾದುಹೋಗುವ ಉಪಗ್ರಹ ತೆಗೆದ ಚಿತ್ರಗಳನ್ನು ಹಗಲು ಹೊತ್ತು ಕೂತು ನೋಡುವುದು. ಅವರ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಇದೆ. ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಗೊರಗುಟ್ಟುವ ಏಸಿ, ಮೇಜಿನ ಮೇಲೆ ಎರಡು ದೊಡ್ಡ ಕಂಪ್ಯೂಟರ್ ಪರದೆಗಳು, ಕುರ್ಚಿಯ ಬೆನ್ನಿಗೆ ಸದಾ ಒಂದು ಶಾಲು. ಪರದೆಯ ಮೇಲೆ ಕಪ್ಪು ಬಟ್ಟೆಗೆ ಸಾಸಿವೆ ಚೆಲ್ಲಿದ ಹಾಗೆ ದೀಪಗಳು. ಮೋಡ ಕವಿದ ರಾತ್ರಿಗಳನ್ನು ಅತ್ತಿಗೆ ಆರಿಸಿ ಆಚೆಗಿಡುತ್ತಾರೆ, ಬೆಳದಿಂಗಳನ್ನು ಲೆಕ್ಕದಿಂದ ಕಳೆಯುತ್ತಾರೆ, ಉಳಿದ ಬೆಳಕನ್ನು ತಿಂಗಳಿಂದ ತಿಂಗಳಿಗೆ ಹೋಲಿಸುತ್ತಾರೆ. ಯಾವ ಊರು ಬೆಳೆಯಿತು, ಯಾವ ಕಾರ್ಖಾನೆಯ ರಾತ್ರಿಪಾಳಿ ನಿಂತಿತು, ಯಾವ ರಸ್ತೆಯ ಬದಿಗೆ ಹೊಸ ಮನೆಗಳೆದ್ದವು ಎಂಬುದೆಲ್ಲ ಅದರಿಂದ ತಿಳಿಯುತ್ತದಂತೆ. "ಬೆಳದಿಂಗಳನ್ನೇ ಕಳೆದು ಬಿಸಾಕೋಳು, ಇನ್ನು ನನ್ನನ್ನ ಬಿಡ್ತಾಳಾ?" ಎನ್ನುವುದು ಅಣ್ಣನ ಹಳೆಯ ಅಳಲು.

ನೆಂಟರ ಕಲ್ಪನೆ ಬೇರೆಯೇ. ಅವರ ಪ್ರಕಾರ ಅತ್ತಿಗೆ ಒಂದು ಬಗೆಯ ಪತ್ತೇದಾರಿ. ಒಮ್ಮೆ ನಮ್ಮ ಚಿಕ್ಕಮ್ಮ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದಕ್ಕೆ ಮಾಡಿ ಕೇಳಿದ್ದರು: "ನಮ್ಮ ಎದುರುಮನೆಯೋರು ದಿನಾ ಎಷ್ಟು ಹೊತ್ತಿಗೆ ಮಲಗ್ತಾರೆ, ಸ್ವಲ್ಪ ನೋಡಿ ಹೇಳೇ. ಯಾರಿಗೂ ಹೇಳಲ್ಲ."

"ಚಿಕ್ಕಮ್ಮ, ನನಗೆ ಮನೆ ಕಾಣಲ್ಲ. ನಿಮ್ಮ ಇಡೀ ಬೀದಿ, ಪಕ್ಕದ ಬೀದಿ, ಅದರ ಪಕ್ಕದ ಬೀದಿ ಎಲ್ಲ ಸೇರಿ ನನಗೆ ಒಂದು ಚುಕ್ಕೆ."

"ಹೋಗ್ಲಿ ಬಿಡು, ಹೇಳೋಕೆ ಇಷ್ಟ ಇಲ್ಲ ಅಂದ್ರೆ" ಎಂದು ಚಿಕ್ಕಮ್ಮ ಮುಖ ಊದಿಸಿಕೊಂಡರು.

ಚುಕ್ಕೆಯ ಮಾತಿನಿಂದ ಇನ್ನೂ ಹೆಚ್ಚು ನೊಂದವರು ಅತ್ತಿಗೆಯ ಸೋದರಮಾವ. ನಾವೆಲ್ಲ ಅವರನ್ನು ಕರೆಯುವುದು ಅಧ್ಯಕ್ಷ ಮಾವ ಎಂದು. ನಗರದ ಅಂಚಿನ ಗುಡ್ಡದ ಮೇಲಿನ ಬಡಾವಣೆಯಲ್ಲಿ ಅವರ ಮನೆ; ಅಲ್ಲಿನ ನಿವಾಸಿಗಳ ಸಂಘಕ್ಕೆ ಅವರು ಅಧ್ಯಕ್ಷರು. ಎಂದಿನಿಂದ ಎಂದು ಕೇಳಿದರೆ ಗುಡ್ಡಕ್ಕೂ ಸರಿಯಾಗಿ ನೆನಪಿರಲಿಕ್ಕಿಲ್ಲ. ಅವರ ಗೇಟಿನ ಮೇಲೆ ಮನೆಯ ನಂಬರಿಗಿಂತ 'ಅಧ್ಯಕ್ಷರು' ಎಂಬ ಅಕ್ಷರ ದೊಡ್ಡದು. ಕೊರಿಯರ್ ತರುವವರು ಇವತ್ತಿಗೂ ನಂಬರು ಹುಡುಕಿಕೊಂಡು ಆ ಗೇಟನ್ನು ಎರಡು ಸಲ ದಾಟಿ ಹೋಗುತ್ತಾರೆ. ಅತ್ತಿಗೆ ಒಮ್ಮೆ ಅವರ ಬಡಾವಣೆಯ ಚಿತ್ರ ತೋರಿಸಿದಾಗ ಮಾವ ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇದರಲ್ಲಿ ನಾನೆಲ್ಲಿ?"

ಇಂಥ ಕೆಲಸದಿಂದ ಯಾರಿಗೆ ಏನು ಉಪಯೋಗ ಎಂದು ಕೇಳುವವರಿದ್ದರು. ಅವರ ಬಾಯಿ ಮುಚ್ಚಿಸಿದ್ದು ಒಂದು ಬಿರುಗಾಳಿ. ಕಂಬಗಳು ಉರುಳಿ ಅರ್ಧ ಜಿಲ್ಲೆ ಕತ್ತಲಾದಾಗ, ಎಲ್ಲೆಲ್ಲಿ ಬೆಳಕು ಪೂರ್ತಿ ಹೋಗಿದೆ ಎಂದು ಅತ್ತಿಗೆ ಗುರುತು ಹಾಕಿಕೊಟ್ಟರು. ಫೋನೂ ಸತ್ತು, ರಸ್ತೆಯೂ ಮುಚ್ಚಿ, ದೂರು ಕೊಡಲೂ ಆಗದೆ ಕೂತಿದ್ದ ಹಳ್ಳಿಗಳಿಗೆ ಲೈನ್‌ಮನ್‌ಗಳು ಮೊದಲು ಹೋದರು. ಆ ತಂಡದ ಒಬ್ಬರು ಇಂದಿಗೂ ನಮ್ಮ ಬೀದಿಯಲ್ಲಿ ಕಂಬ ಹತ್ತಿದಾಗ ಮೇಲಿನಿಂದಲೇ, "ಮೇಡಂ, ಚೆನ್ನಾಗಿದೀರಾ?" ಎಂದು ಕೂಗುತ್ತಾರೆ. ಅತ್ತಿಗೆ ಕೆಳಗಿನಿಂದ ಎರಡೂ ಕೈ ಎತ್ತಿ ಬೀಸುತ್ತಾರೆ. ಅವರ ಮುಖದಲ್ಲಿ ಆಗ ಬರುವ ಕಳೆಯನ್ನು ನೋಡಿದರೆ, ಸಂಬಳ ಅವರಿಗೆ ಬೇರೆ ಯಾವುದೋ ಕೆಲಸಕ್ಕೆ ಕೊಡುತ್ತಾರೇನೋ ಎನಿಸಬೇಕು.

ಈಗ ಹೇಳಹೊರಟಿದ್ದು ಅವರು ಎಡವಿದ ಕಥೆ. ಅದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ಗೆದ್ದಿದ್ದನ್ನ ಎಲ್ಲರೂ ಬರೀತಾರೆ, ನೀನು ಇದನ್ನ ಬರಿ" ಎಂದರು.

ನಗರದ ಆರೋಗ್ಯ ಸಮಿತಿ ಸಂಜೆ ಕ್ಲಿನಿಕ್‌ಗಳನ್ನು ನಡೆಸುತ್ತದೆ. ಹಗಲೆಲ್ಲ ದುಡಿದು ಮನೆಗೆ ಬರುವವರು ಸಂಜೆ ಹೊತ್ತು ತೋರಿಸಿಕೊಳ್ಳಲಿ ಎಂದು. ಡಾಕ್ಟರುಗಳು ಕಡಿಮೆ, ಬಡಾವಣೆಗಳು ಹೆಚ್ಚು. ಜನ ಖಾಲಿಯಾಗುತ್ತಿರುವ ಕಡೆ ಮುಚ್ಚಿ, ಜನ ತುಂಬುತ್ತಿರುವ ಕಡೆ ತೆರೆಯೋಣ, ಅವು ಯಾವುವೆಂದು ತಿಳಿಸಿ ಎಂದು ಸಮಿತಿಯವರು ಅತ್ತಿಗೆಯ ಸಂಸ್ಥೆಯನ್ನು ಕೇಳಿದರು. ಅತ್ತಿಗೆ ಎರಡು ವರ್ಷದ ಚಿತ್ರಗಳನ್ನು ಹೋಲಿಸಿದರು. ನಗರವೆಲ್ಲ ಎಂದಿನಂತಿತ್ತು. ಗುಡ್ಡದ ಬಡಾವಣೆಯ ಬೆಳಕು ಮಾತ್ರ ಅರ್ಧಕ್ಕಿಳಿದಿತ್ತು.

ಅವರ ಸಂಸ್ಥೆಯಲ್ಲಿ ಒಂದು ಪದ್ಧತಿ ಇದೆ. ಆಕಾಶದಿಂದ ಕಂಡದ್ದನ್ನು ಹಾಗೇ ಬರೆಯುವಂತಿಲ್ಲ. ಆ ಜಾಗದಲ್ಲಿ ಇರುವ ಒಬ್ಬರನ್ನಾದರೂ ವಿಚಾರಿಸಿಯೇ ಬರೆಯಬೇಕು. ಇದಕ್ಕೆ ಅವರು ನೆಲದ ಸಾಕ್ಷಿ ಎನ್ನುತ್ತಾರೆ. ಗುಡ್ಡದ ಬಡಾವಣೆಯಲ್ಲಿ ಸ್ವಂತ ಸೋದರಮಾವ, ಅದೂ ಸಂಘದ ಅಧ್ಯಕ್ಷರು ಇರುವಾಗ ಬೇರೆ ಸಾಕ್ಷಿ ಯಾಕೆ? ಅತ್ತಿಗೆ ಫೋನು ಮಾಡಿದರು.

"ಮಾವ, ನಿಮ್ಮ ಬಡಾವಣೆ ಬಿಟ್ಟು ಜನ ಹೋಗ್ತಿದಾರಾ?"

"ಹೋಗ್ತಿದಾರಾ ಅಂತ ಕೇಳ್ತೀಯಲ್ಲಮ್ಮ! ಹೋಗಿ ಆಯ್ತು. ಇಲ್ಲಿ ಈಗ ಯಾರಿದಾರೆ? ಮೊದಲು ಹೇಗಿತ್ತು, ಕೂತ್ಕೊಳ್ಳೋಕೆ ಜಾಗ ಇರ್ತಿರಲಿಲ್ಲ. ಈಗ ನೋಡಿದ್ರೆ ಖಾಲಿ ಖಾಲಿ. ಹೊಟ್ಟೆ ಉರಿಯತ್ತೆ."

ಆಕಾಶವೂ ನೆಲವೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು? 'ಜನ ಬಡಾವಣೆ ತೆರವು ಮಾಡುತ್ತಿದ್ದಾರೆ. ಸ್ಥಳೀಯ ಸಂಘದ ಅಧ್ಯಕ್ಷರು ಖಚಿತಪಡಿಸಿದ್ದಾರೆ' ಎಂದು ವರದಿ ಹೋಯಿತು. ತಿಂಗಳ ಕೊನೆಗೆ ಗುಡ್ಡದ ಸಂಜೆ ಕ್ಲಿನಿಕ್ ಮುಚ್ಚುವುದೆಂದು ಆದೇಶವೂ ಬಂತು.

ಆದೇಶ ಬಂದ ವಾರದಲ್ಲೇ ನೆಲಮಾಳಿಗೆಯ ಕೋಣೆಯ ಬಾಗಿಲು ತಳ್ಳಿಕೊಂಡು ಒಬ್ಬರು ಒಳಗೆ ಬಂದರು. ಗಟ್ಟಿಮುಟ್ಟಾದ ಹೆಂಗಸು, ಬಿಳಿ ಕೋಟು, ಕಿಸೆಯಲ್ಲಿ ಥರ್ಮಾಮೀಟರು. ಆ ಕ್ಲಿನಿಕ್‌ನ ನರ್ಸಮ್ಮ.

"ಮೇಲಿಂದ ನಮ್ಮನ್ನೆಲ್ಲ ನೋಡೋರು ನೀವೇನಾ?"

"ಹೌದು, ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ. ನಮ್ಮ ಬಡಾವಣೇಲಿ ಜನ ಇಲ್ಲ ಅಂತ ಬರೆದಿದೀರಂತೆ. ಹಾಗಾದ್ರೆ ದಿನಾ ಸಂಜೆ ನಾನು ಸೂಜಿ ಚುಚ್ಚೋದು ಯಾರಿಗೆ? ಗೋಡೆಗಾ?"

ಅತ್ತಿಗೆ ಪರದೆಯನ್ನು ಅವರತ್ತ ತಿರುಗಿಸಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ನರ್ಸಮ್ಮ ಎಕ್ಸ್‌ರೇ ನೋಡುವ ಗತ್ತಿನಲ್ಲಿ ಕತ್ತು ಓರೆ ಮಾಡಿ ನೋಡಿದರು.

"ಇದು ಮೋಡ" ಎಂದು ತೀರ್ಪು ಕೊಟ್ಟರು.

"ಮೋಡದ ರಾತ್ರಿಗಳನ್ನ ತೆಗೆದಿದೀವಮ್ಮ."

"ಹಾಗಾದ್ರೆ ನಿಮ್ಮ ಕ್ಯಾಮೆರಾಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ. ನಾಳೆ ಸಂಜೆ ನೀವೇ ಬಂದು ನೋಡಿ. ಬರದಿದ್ರೆ ನನ್ನ ರೋಗಿಗಳನ್ನೆಲ್ಲ ಇಲ್ಲಿಗೇ ಕರ್ಕೊಂಡು ಬರ್ತೀನಿ. ಈ ಏಸಿ ಅವರಿಗೂ ಸಿಗಲಿ."

ಅತ್ತಿಗೆ ಆ ದಿನ ಮನೆಗೆ ಬಂದು ಊಟದ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತರು. "ಪೊರೆ ನನಗೇ ಬಂದಿದೆಯೇನೋ" ಎಂದು ಒಮ್ಮೆ ಅಂದರು. ಮರುದಿನ ಸಂಜೆ ನನ್ನ ಸ್ಕೂಟರಿನ ಹಿಂದೆ ಕೂತು ಹೊರಟರು. ಮನೆಯಲ್ಲಿ ಯಾರಿಗೆ ಎಲ್ಲಿಗೆ ಹೋಗಬೇಕಾದರೂ ಸ್ಕೂಟರು ನನ್ನದೇ. ಬರೆಯುವವನಿಗೆ ಬಿಡುವು ಇದ್ದೇ ಇರುತ್ತದೆಂದು ನಮ್ಮ ಮನೆಯವರ ದೃಢ ನಂಬಿಕೆ; ಅವರ ನಂಬಿಕೆ ತಪ್ಪೆಂದು ತೋರಿಸಲು ನನಗೆ ಪುರುಸೊತ್ತಾಗಿಲ್ಲ.

ಗುಡ್ಡ ಹತ್ತುವಷ್ಟರಲ್ಲಿ ಮಬ್ಬುಗತ್ತಲು. ಇಸ್ತ್ರಿ ಅಂಗಡಿಯ ಮುಂದೆ ಬಟ್ಟೆಯ ಗಂಟುಗಳು, ಮಹಡಿಯಿಂದ ಮಹಡಿಗೆ ಕೂಗಾಟ, ರಸ್ತೆಯ ಮಧ್ಯೆ ಚೆಂಡಾಟ. ನಾನು ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡೆ. ಖಾಲಿಯಾದ ಬಡಾವಣೆಯಲ್ಲಿ ಸ್ಕೂಟರು ನಿಲ್ಲಿಸಲು ಜಾಗ ಸಿಗಲಿಲ್ಲ.

ಕ್ಲಿನಿಕ್ ಎಂದರೆ ಎರಡು ಕೋಣೆ, ಒಂದು ಜಗಲಿ. ಜಗಲಿಯ ಬೆಂಚುಗಳು ತುಂಬಿ, ಮೆಟ್ಟಿಲು ತುಂಬಿ, ಸಾಲು ಗೇಟಿನ ಆಚೆಗೆ ಬಂದಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ ಅಪ್ಪಂದಿರು, ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದ ಹೆಂಗಸರು, ಕೈಗೆ ಬ್ಯಾಂಡೇಜು ಸುತ್ತಿಕೊಂಡ ಬಡಗಿ. ಮೊದಲ ಬೆಂಚಿನ ಮೇಲೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದವರನ್ನು ನೋಡಿ ಅತ್ತಿಗೆ ಗಕ್ಕನೆ ನಿಂತರು.

ಅವರು ಅಧ್ಯಕ್ಷ ಮಾವನ ಹೆಂಡತಿ.

"ಅತ್ತೆ! ನೀವಿಲ್ಲಿ?"

"ಇನ್ನೆಲ್ಲಿರಲಿ? ನನಗೆ ಸಕ್ಕರೆ ಕಾಯಿಲೆ ಬಂದಾಗಿಂದ ಇಲ್ಲೇ ತೋರಿಸ್ಕೊಳ್ಳೋದು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಾಯಿಸ್ಬೇಕು, ಈ ಮಂಡಿ ಇಟ್ಕೊಂಡು ಎಲ್ಲಿ ಆಗತ್ತೆ? ಯಾರೋ ಪುಣ್ಯಾತ್ಮರು ಇದನ್ನೂ ಮುಚ್ಚಿಸ್ತಿದಾರಂತೆ. ಸಿಸ್ಟರ್ ದಿನಾ ಶಾಪ ಹಾಕ್ತಿದಾರೆ. ನಾನೂ ಒಂದೆರಡು ಹಾಕಿದೆ."

ಆ ಪುಣ್ಯಾತ್ಮರು ಕೆಮ್ಮಿದರು. ಕೆಮ್ಮಿದ ಮೇಲೆ, ಮುಚ್ಚಿಡದೆ ಹೇಳಿದರು: "ಅದು ನಾನೇ ಅತ್ತೆ. ಮಾವ ಫೋನಲ್ಲಿ ಹೇಳಿದ್ರು, ಇಲ್ಲಿ ಯಾರೂ ಇಲ್ಲ ಅಂತ."

ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಪೆದ್ದೀ! ಅವರ ಮೀಟಿಂಗಿಗೆ ಈಗ ಯಾರೂ ಬರಲ್ಲ. ಸಂಘದ ಕಾರ್ಯದರ್ಶಿ ಕರೆದ ಮೀಟಿಂಗಿಗೆ ಎಲ್ಲ ಹೋಗ್ತಾರೆ. ಇವರ ಲೆಕ್ಕದಲ್ಲಿ ಇವರ ಮುಂದಿನ ಕುರ್ಚಿಲಿ ಕೂರದೋರು ಬದುಕಿಯೇ ಇಲ್ಲ. ನನ್ನನ್ನಾದ್ರೂ ಲೆಕ್ಕಕ್ಕೆ ಇಟ್ಕೊಂಡಿದಾರಾ, ಕೇಳ್ನೋಡು."

ಜಗಲಿಯಲ್ಲಿ ನಗು ಎದ್ದಿತು. ಅತ್ತಿಗೆ ನಗಲಿಲ್ಲ. ಜನ ಇಷ್ಟಿರುವಾಗ ಬೆಳಕು ಎಲ್ಲಿ ಹೋಯಿತು? ಅವರು ಅಂಗಳಕ್ಕೆ ಇಳಿದು ತಲೆ ಎತ್ತಿದರು. ಬೀದಿದೀಪಗಳು ಆಗತಾನೆ ಹತ್ತಿಕೊಂಡಿದ್ದವು. ಹಾಲಿನಷ್ಟು ಬಿಳಿ, ಸ್ವಲ್ಪ ನೀಲಿ ಬೆರೆತ ಬೆಳಕು. ಪ್ರತಿ ದೀಪಕ್ಕೂ ಮೇಲಿನಿಂದ ಟೋಪಿಯಂಥ ಮುಚ್ಚಳ. ಬೆಳಕೆಲ್ಲ ನೇರ ರಸ್ತೆಗೆ ಬೀಳುತ್ತಿತ್ತು, ಒಂದು ಹನಿಯೂ ಮೇಲಕ್ಕೆ ಚೆಲ್ಲುತ್ತಿರಲಿಲ್ಲ.

ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಗಾಬರಿಯಾಗಿ ನೀರು ತರಲು ಹೊರಟೆ.

"ನೀರು ಬೇಡ ಕಣೋ" ಎಂದರು. "ಉಪಗ್ರಹದ ಕಣ್ಣಿಗೆ ಹಳದಿ ಬೆಳಕು ಚೆನ್ನಾಗಿ ಕಾಣತ್ತೆ, ನೀಲಿ ಬೆಳಕು ಕಾಣೋದೇ ಇಲ್ಲ. ಬಿಳಿ ದೀಪದಲ್ಲಿ ನೀಲಿ ಜಾಸ್ತಿ. ಹಳದಿ ತೆಗೆದು ಬಿಳಿ ಹಾಕಿ, ಮೇಲೆ ಮುಚ್ಚಳ ಬೇರೆ ಇಟ್ರೆ, ರಸ್ತೆ ಎಷ್ಟೇ ಬೆಳಗಲಿ, ನನಗೆ ಕತ್ತಲು. ಇದನ್ನ ನಾನೇ ಹೊಸಬರಿಗೆ ಪಾಠ ಮಾಡ್ತೀನಿ."

ಅಷ್ಟರಲ್ಲಿ ಅಧ್ಯಕ್ಷ ಮಾವ ಹೆಂಡತಿಯನ್ನು ಕರೆದೊಯ್ಯಲು ಬಂದರು. ಕೈಯಲ್ಲಿ ಕೊಡೆ, ಮಳೆ ಇರಲಿಲ್ಲ, ಆದರೂ ಅಧ್ಯಕ್ಷರ ಕೈಯಲ್ಲಿ ಏನಾದರೂ ಇರಬೇಕು. ಅತ್ತಿಗೆ ನೇರ ಕೇಳಿದರು: "ಮಾವ, ಈ ದೀಪ ಯಾವಾಗ ಹಾಕಿದ್ದು?"

"ಯಾವ ದೀಪ?"

"ಇದೇ, ನಿಮ್ಮ ತಲೆ ಮೇಲಿರೋದು."

ಮಾವ ಮೇಲೆ ನೋಡಲಿಲ್ಲ. "ಅದಾ... ಆಯ್ತು ಒಂದು ವರ್ಷ. ಅದೇನು ಮಹಾ."

"ಫೋನಲ್ಲಿ ಯಾಕೆ ಹೇಳಲಿಲ್ಲ?"

"ನೀನು ಜನದ ವಿಷಯ ಕೇಳಿದೆ. ದೀಪದ ವಿಷಯ ಕೇಳಿದ್ಯಾ?"

"ಹೇಳಲ್ಲ ಅವರು" ಎಂದರು ಅತ್ತೆ ಬೆಂಚಿನಿಂದಲೇ. "ದೀಪ ಹಾಕಿಸಿದ್ದು ಕಾರ್ಯದರ್ಶಿ. ಇವರು ಹಾಕಿಸಿದ್ದಿದ್ರೆ ನಿನ್ನ ಉಪಗ್ರಹಕ್ಕೂ ಆಹ್ವಾನ ಪತ್ರ ಬಂದಿರೋದು."

ಮಾವ ಕೊಡೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಮರುದಿನ ಅತ್ತಿಗೆ ಸಂಸ್ಥೆಯ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರದು ಸೌಮ್ಯ ಸ್ವಭಾವ. ಒಂದೇ ದೌರ್ಬಲ್ಯವೆಂದರೆ ಭಾಷಣದಲ್ಲೂ ಊಟದಲ್ಲೂ ಲಿಫ್ಟಿನಲ್ಲೂ, "ಆಕಾಶ ಸುಳ್ಳು ಹೇಳೋದಿಲ್ಲ" ಎನ್ನುವುದು. ಅಂದೂ ಅದನ್ನೇ ಅಂದರು.

"ಆಕಾಶ ಸುಳ್ಳು ಹೇಳಿಲ್ಲ ಸರ್" ಎಂದರು ಅತ್ತಿಗೆ. "ಹಳದಿ ದೀಪ ಎಷ್ಟು ಅಂತ ನಾವು ಕೇಳಿದ್ವಿ. ಅದು ಸರಿಯಾಗೇ ಹೇಳ್ತು. ಜನ ಎಷ್ಟು ಅಂತ ಬರ್ಕೊಂಡಿದ್ದು ನಾನು."

ಮುಖ್ಯಸ್ಥರು ನಿಟ್ಟುಸಿರು ಬಿಟ್ಟು, ತಿದ್ದುಪಡಿ ಕಳಿಸಲು ಒಪ್ಪಿದರು. ಆದರೆ ಆರೋಗ್ಯ ಸಮಿತಿ ಒಂದು ತಕರಾರು ತೆಗೆಯಿತು. ಉಪಗ್ರಹದ ತಪ್ಪು ಸರಿ, ಅಧ್ಯಕ್ಷರೇ ಖಚಿತಪಡಿಸಿದ್ದಾರಲ್ಲ? ಅವರ ಮಾತು ಬದಲಾಗಬೇಕಾದರೆ ಅವರೇ ಬಂದು ಸಭೆಯಲ್ಲಿ ಹೇಳಲಿ. ಕ್ಲಿನಿಕ್ ಮುಚ್ಚುವ ದಿನ ಹತ್ತಿರವಾಗುತ್ತಿತ್ತು. ಅಂದರೆ ಮಾವ ನಾಲ್ಕು ಜನರ ಮುಂದೆ ನಿಂತು ಎರಡು ಸಂಗತಿ ಒಪ್ಪಬೇಕಿತ್ತು: ಬಡಾವಣೆಯಲ್ಲಿ ಜನ ಇದ್ದಾರೆ, ತಮ್ಮ ಸಭೆಗೆ ಮಾತ್ರ ಬರುವುದಿಲ್ಲ; ಮತ್ತು ದೀಪ ಹಾಕಿಸಿದ್ದು ಕಾರ್ಯದರ್ಶಿ.

"ಮಾವನ ಬಾಯಿಂದ ಆ ಹೆಸರು ಬರೋದೂ ಒಂದೇ, ನನ್ನ ಅಂಗಡೀಲಿರೋ ಗಡಿಯಾರ ಎಲ್ಲ ಒಂದೇ ಟೈಮ್ ತೋರಿಸೋದೂ ಒಂದೇ" ಎಂದ ಅಣ್ಣ.

ಅತ್ತಿಗೆ ನನ್ನ ಸ್ಕೂಟರಿನಲ್ಲೇ ಮಾವನ ಮನೆಗೆ ಹೋದರು, ಆದರೆ ಒತ್ತಾಯ ಮಾಡಲಿಲ್ಲ. "ಮಾವ, ನನ್ನ ತಪ್ಪನ್ನ ನಾನು ಅಲ್ಲಿ ಮೊದಲು ಹೇಳ್ತೀನಿ. ನೀವು ಬಂದ್ರೆ ನನ್ನ ಪಕ್ಕದಲ್ಲಿ ಒಂದು ಕುರ್ಚಿ ಇರತ್ತೆ. ಬರದಿದ್ರೂ ಬೇಜಾರಿಲ್ಲ" ಎಂದಷ್ಟೇ ಹೇಳಿದರು. ಮಾವ ಗೋಡೆ ನೋಡುತ್ತ ಕೂತಿದ್ದರು. ಒಳಗಿನಿಂದ ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು ಚಹಾ ಇಟ್ಟು, ಹಾಗೇ ನಿಧಾನವಾಗಿ ವಾಪಸು ಹೋದರು. ಮಾವನ ಕಣ್ಣು ಗೋಡೆ ಬಿಟ್ಟು ಆ ನಡಿಗೆಯ ಹಿಂದೆ ಅಡುಗೆಮನೆಯ ಬಾಗಿಲವರೆಗೆ ಹೋದದ್ದನ್ನು ನಾನು ಕಂಡೆ.

ಸಭೆಯ ದಿನ ಅತ್ತಿಗೆ ಎದ್ದುನಿಂತು, ತಾವು ಹೇಗೆ ತಪ್ಪಿದೆವೆಂದು ಚಿತ್ರ ತೋರಿಸಿ ಹೇಳಿದರು. ಪಕ್ಕದ ಕುರ್ಚಿ ಖಾಲಿ. ಅವರು ಇನ್ನೇನು ಕೂರಬೇಕು, ಬಾಗಿಲಲ್ಲಿ ಕೊಡೆ ಕಾಣಿಸಿತು.

ಮಾವ ಬಂದವರೇ ಗಂಟಲು ಸರಿಮಾಡಿಕೊಂಡರು. ಸಂಘ ಸ್ಥಾಪನೆಯಾದದ್ದು, ಮೊದಲ ನಲ್ಲಿ ಬಂದದ್ದು, ತಾವು ಬರೆದ ಮನವಿಗಳು, ಮನವಿಗಳಿಗೆ ಬಂದ ಉತ್ತರಗಳು, ಉತ್ತರಗಳಿಗೆ ತಾವು ಬರೆದ ಉತ್ತರಗಳು ಎಲ್ಲ ಬಂದವು. ಸಮಿತಿಯ ಡಾಕ್ಟರೊಬ್ಬರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು. ನಾನು ಆಸೆ ಬಿಟ್ಟೆ. ಆಗ ಮಾವನ ಮಾತು ತಟ್ಟನೆ ನಿಂತಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಇವಳು ಫೋನ್ ಮಾಡಿದಾಗ ನಾನು ಹೇಳಿದ್ದು ನನ್ನ ಮೀಟಿಂಗಿನ ಕುರ್ಚಿಗಳ ವಿಷಯ. ಮನೆಗಳ ವಿಷಯ ಅಲ್ಲ. ಮನೆಗಳೆಲ್ಲ ತುಂಬಿವೆ. ನನ್ನ ಮೀಟಿಂಗಿಗೆ ಬರಲ್ಲ, ಅಷ್ಟೆ. ದೀಪ..." ಇಲ್ಲಿ ಒಂದು ಗುಟುಕು ನೀರು ಕುಡಿದರು. "ದೀಪ ಹಾಕಿಸಿದ್ದು ನಮ್ಮ ಕಾರ್ಯದರ್ಶಿ. ಒಳ್ಳೆ ದೀಪ. ನನ್ನ ಹೆಂಡತಿ ಕ್ಲಿನಿಕ್‌ನಿಂದ ಬರುವಾಗ ಎಡವಲ್ಲ. ಇಷ್ಟೇ ನಾನು ಹೇಳೋದು."

ಅಧ್ಯಕ್ಷ ಮಾವನ ಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ಹಿಂದೆ ಇರಲಿಲ್ಲ, ಮುಂದೆಯೂ ನಿರೀಕ್ಷೆ ಇಲ್ಲ. ಅವರ ಬಗ್ಗೆ ಇಷ್ಟು ಹಗುರವಾಗಿ ಬರೆಯುತ್ತ ಬಂದ ನಾನು ಆ ಗಳಿಗೆಯಲ್ಲಿ ಎದ್ದು ನಿಂತೆ. ಇದ್ದ ಒಂದೇ ಆಸ್ತಿಯಾದ ದೊಡ್ಡಸ್ತಿಕೆಯನ್ನು ಎಲ್ಲರೆದುರು ಕಳಚಿಟ್ಟ ಮನುಷ್ಯನನ್ನು ನಾವು ದಿನಾ ನೋಡುವುದಿಲ್ಲ. ಅತ್ತಿಗೆ ಕುರ್ಚಿ ಹಿಂದಕ್ಕೆಳೆದು ಅವರನ್ನು ಕೂರಿಸಿದರು. "ಮಾವ, ಎಷ್ಟು ದೊಡ್ಡ ಉಪಕಾರ ಮಾಡಿದ್ರಿ" ಎಂದರು. ಮಾವ ಕನ್ನಡಕ ಒರೆಸಿಕೊಂಡರು.

ಆದೇಶ ರದ್ದಾಯಿತು. ಆ ಸಂಜೆಯೇ ನಾವು ಸುದ್ದಿ ಹೇಳಲು ಗುಡ್ಡ ಹತ್ತಿದೆವು. ನರ್ಸಮ್ಮ ಕೇಳಿ ಒಂದು ಕ್ಷಣ ಬೆನ್ನು ತಿರುಗಿಸಿ ನಿಂತರು. ತಿರುಗಿದಾಗ ಮತ್ತೆ ಮೊದಲಿನ ಗಟ್ಟಿಗಿತ್ತಿ.

"ಮೇಡಂ, ನಿಮ್ಮ ಮೇಲೆ ಹಾಕಿದ ಶಾಪ ಎಲ್ಲ ವಾಪಸು. ಥ್ಯಾಂಕ್ಸ್ ಗೀಂಕ್ಸ್ ಹೇಳೋಕೆ ನನಗೆ ಬರಲ್ಲ. ಬರೋದು ಇದೊಂದೇ, ಕೈ ಕೊಡಿ" ಎಂದು ಅತ್ತಿಗೆಯನ್ನು ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಸಾಲಿನಲ್ಲಿದ್ದವರು ಯಾರೂ ತಮ್ಮ ಸರದಿ ಎಂದು ಗೊಣಗಲಿಲ್ಲ. ಬಡಗಿ ಬ್ಯಾಂಡೇಜಿನ ಕೈಯಲ್ಲೇ ಚಹಾ ತಂದುಕೊಟ್ಟ. ಅತ್ತಿಗೆ ಜಗಲಿಯ ಒಂದೊಂದೇ ಮುಖವನ್ನು ನೋಡುತ್ತ ಕೂತರು. ಚುಕ್ಕೆಯ ಒಳಗೆ ಇಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲಿರಬೇಕು. "ನನ್ನನ್ನ ಬೈಯೋಕೆ ಅಷ್ಟು ದೂರ ಬಂದ್ರಲ್ಲ ಸಿಸ್ಟರ್" ಎಂದರು, "ಅದಕ್ಕೆ ನಾನು ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

"ಮಾತಾಡಬೇಡಿ, ಬಿಪಿ ಏರತ್ತೆ."

ಮುಂದಿನ ಸರದಿ ಮಾವನದು. ಸಭೆಯಲ್ಲಿ ತಾವು ಮಾತಾಡಿದ್ದನ್ನು ಬಾಗಿಲಿನಿಂದ ಶುರುಮಾಡಿ ಸಾಲಿನವರಿಗೆಲ್ಲ ವಿವರಿಸುತ್ತ ಬಂದು ಸ್ಟೂಲಿನ ಮೇಲೆ ಕೂತರು. ನರ್ಸಮ್ಮ ಪಟ್ಟಿ ಬಿಗಿದು, "ಉಸಿರೆತ್ತಬಾರದು, ಸುಮ್ಮನಿರಿ" ಎಂದು ಗದರಿದರು. ಮಾವ ಬಾಯಿ ಮುಚ್ಚಿದರು. ಜಗಲಿಯೇ ಶಾಂತವಾಯಿತು.

ಅತ್ತೆ ಬೆಂಚಿನಿಂದ ಮೆಲ್ಲಗೆ ಮುಂದಕ್ಕೆ ಬಾಗಿದರು.

"ಸಿಸ್ಟರ್, ಆ ಪಟ್ಟೀನ ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟಿರಿ."